ತಟ್ಟೆ ಮಾಡುವ ಮೆಲಮೈನ್ ಹಾಲಿಗೆ ಬಂದದ್ದು ಹೇಗೆ?

ಹಾಲು ಉತ್ಪಾದಕ ಸಹೋದರಿಯರೇ,

ಸಂತೆ, ಜಾತ್ರೆಗಳಲ್ಲಿ ಹೂವಿನ ಚಿತ್ರವಿರುವ, ಬಿದ್ದರೂ ಸುಲಭವಾಗಿ ಒಡೆಯದ ತಟ್ಟೆಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಹೆಚ್ಚಿನವು ಮೆಲಮೈನ್ ತಟ್ಟೆಗಳು. ಮೆಲಮೈನ್ ಒಂದು ಬಿಳಿ ಪುಡಿ. ಜರ್ಮನಿಯ ವಿಜ್ಞಾನಿ ಲೀಬಿಗ್ ಇದನ್ನು ಮೊದಲು ತಯಾರಿಸಿದ್ದು 1834ರಲ್ಲಿ. ಈಗ ಕಾರ್ಖಾನೆಗಳಲ್ಲಿ ಯೂರಿಯಾದಿಂದ ತಯಾರಿಸುತ್ತಾರೆ. ಇದಕ್ಕೆ ಫಾರ್ಮಾಲ್ಡಿಹೈಡ್ ಸೇರಿಸಿದರೆ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ತಟ್ಟೆ, ಮೇಜಿನ ಮೇಲಿನ ಹೊಳೆಯುವ ಹಾಳೆ, ಪ್ಲೈವುಡ್ ಅಂಟು, ಇವು ಇದರ ಸರಿಯಾದ ಉಪಯೋಗಗಳು.

ಹಾಲಿಗೇಕೆ ಸೇರಿಸಿದರು?

ಹಾಲಿನ ಪ್ರೋಟೀನನ್ನು ಅಳೆಯುವ ಹಳೆಯ ವಿಧಾನ ನೇರವಾಗಿ ಪ್ರೋಟೀನನ್ನು ನೋಡುವುದಿಲ್ಲ. ಹಾಲಿನಲ್ಲಿರುವ ಸಾರಜನಕವನ್ನು ಅಳೆದು, ಅದರಿಂದ ಪ್ರೋಟೀನ್ ಲೆಕ್ಕ ಹಾಕುತ್ತದೆ. ಮೆಲಮೈನ್‌ನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಹೀಗಾಗಿ ನೀರು ಬೆರೆಸಿದ ಹಾಲಿಗೆ ಇದನ್ನು ಹಾಕಿದರೆ ಪರೀಕ್ಷೆಯಲ್ಲಿ ಪ್ರೋಟೀನ್ ಸರಿಯಾಗಿದೆ ಎಂದೇ ಬರುತ್ತದೆ.

ಚೀನಾದಲ್ಲಿ 2008ರಲ್ಲಿ ಬಯಲಾದದ್ದು ಇದೇ ಮೋಸ. ಆ ಹಾಲಿನಿಂದ ಮಾಡಿದ ಪುಡಿಯನ್ನು ಕುಡಿದ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕೂಸುಗಳು ಸತ್ತವು. ಮೆಲಮೈನ್ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಜನ ಹಾಲು ಕೊಳ್ಳುವುದನ್ನೇ ಬಿಟ್ಟಾಗ ತಪ್ಪು ಮಾಡದ ರೈತರೂ ಹಾಲು ಚೆಲ್ಲಬೇಕಾಯಿತು. ಭಾರತ ಅದೇ ವರ್ಷ ಚೀನಾದ ಹಾಲಿನ ಉತ್ಪನ್ನಗಳ ಆಮದನ್ನು ನಿಷೇಧಿಸಿತು.

ನಾವು ಮಾಡಬೇಕಾದದ್ದು

ಸಂಘದಲ್ಲಿ ಎಲ್ಲರ ಹಾಲೂ ಒಂದೇ ಕಡೆ ಸೇರುತ್ತದೆ. ಒಬ್ಬರ ಕ್ಯಾನಿನ ಕಲಬೆರಕೆ ಇಡೀ ಊರಿನ ಹಾಲನ್ನು ಕೆಡಿಸುತ್ತದೆ. ಆದ್ದರಿಂದ:

• ಎಸ್‌ಎನ್‌ಎಫ್ ಹೆಚ್ಚಿಸುತ್ತದೆ ಎಂದು ಯಾರೇ ಪುಡಿ ಕೊಟ್ಟರೂ ಹಾಲಿಗೆ ಹಾಕಬೇಡಿ. ಯೂರಿಯಾ, ಸಕ್ಕರೆ, ಉಪ್ಪು ಯಾವುದೂ ಬೇಡ.

• ಎಸ್‌ಎನ್‌ಎಫ್ ಕಡಿಮೆ ಬಂದರೆ ಮೊದಲು ಕ್ಯಾನ್ ನೋಡಿ. ತೊಳೆದ ಮೇಲೆ ಬೋರಲು ಹಾಕಿ, ನೀರು ಪೂರ್ತಿ ಇಳಿಯಲಿ.

• ಆಮೇಲೆ ಕೆಚ್ಚಲು ನೋಡಿ. ಕೆಚ್ಚಲು ಬಾವು ಹೊರಗೆ ಕಾಣದಿದ್ದರೂ ಎಸ್‌ಎನ್‌ಎಫ್ ಇಳಿಯುತ್ತದೆ. ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.

• ಬರೀ ಒಣಹುಲ್ಲು ಸಾಲದು. ಹಸಿರು ಮೇವು, ಹಾಲಿಗೆ ತಕ್ಕಷ್ಟು ಪಶು ಆಹಾರ, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡಿ.

• ಹೆಸರು, ವಿಳಾಸವಿಲ್ಲದ ಅಗ್ಗದ ಪಶು ಆಹಾರ ಕೊಳ್ಳಬೇಡಿ. ಆಹಾರದಲ್ಲಿ ಮೆಲಮೈನ್ ಇದ್ದರೆ ಅದರ ಸ್ವಲ್ಪ ಭಾಗ ಹಸುವಿನ ಹಾಲಿಗೂ ಇಳಿಯುತ್ತದೆ.

ಮನೆಯಲ್ಲಿ ಮೆಲಮೈನ್ ತಟ್ಟೆ ಇದ್ದರೆ ಹೆದರಬೇಕಿಲ್ಲ. ಆದರೆ ಅದನ್ನು ಒಲೆಯ ಮೇಲೆ ಇಡಬೇಡಿ, ಕುದಿಯುವ ಸಾರು ಹಾಕಬೇಡಿ. ಮಕ್ಕಳ ಬಿಸಿ ಹಾಲಿಗೆ ಸ್ಟೀಲ್ ಲೋಟವೇ ಒಳ್ಳೆಯದು.

ಹಾಲಿನ ಗುಣಮಟ್ಟದ ಬಗ್ಗೆ ಸಂಶಯವಿದ್ದರೆ ಸಂಘದ ಕಾರ್ಯದರ್ಶಿಯವರನ್ನು ಅಥವಾ ನಮ್ಮನ್ನು ಸಂಕೋಚವಿಲ್ಲದೆ ಕೇಳಿ.

– ಪಶುವೈದ್ಯಾಧಿಕಾರಿ