ಕಕ್ಷೆಗೂ ಉಂಟು ಕಟ್ಟಳೆ

ಬಾಹ್ಯಾಕಾಶ ಯಾವ ದೇಶದ ಸೊತ್ತೂ ಅಲ್ಲ. ಆದರೆ ಅಲ್ಲಿಗೆ ಹೋಗುವ ಪ್ರತಿಯೊಂದು ವಸ್ತುವಿಗೂ ಹೊಣೆ ಹೊರುವ ದೇಶವೊಂದು ಇರಲೇಬೇಕು. ಕಕ್ಷೆಯಲ್ಲಿ ಗಸ್ತು ತಿರುಗುವ ಪೊಲೀಸರಿಲ್ಲ. ಬಾಹ್ಯಾಕಾಶಕ್ಕೆಂದೇ ಮೀಸಲಾದ ನ್ಯಾಯಾಲಯವೂ ಇಲ್ಲ. ಅಲ್ಲಿನ ಶಿಸ್ತು ನಿಂತಿರುವುದು ಎರಡು ಕೊಂಡಿಗಳ ಮೇಲೆ. ಅಂತರರಾಷ್ಟ್ರೀಯ ಒಪ್ಪಂದಗಳು ಸರ್ಕಾರಗಳಿಗೆ ಕಟ್ಟುಪಾಡು ಹಾಕುತ್ತವೆ. ಸರ್ಕಾರಗಳು ತಮ್ಮ ಕಾನೂನು, ಪರವಾನಗಿಗಳ ಮೂಲಕ ಅದೇ ಕಟ್ಟುಪಾಡನ್ನು ಕಂಪನಿಗಳಿಗೆ ಹಾಕುತ್ತವೆ. ಎರಡರಲ್ಲಿ ಒಂದು ಸಡಿಲವಾದರೂ ಇನ್ನೊಂದಕ್ಕೆ ಬಲವಿಲ್ಲ.

ವಿಶ್ವಸಂಸ್ಥೆಯ ಸಮಿತಿ

ಸೋವಿಯತ್ ಒಕ್ಕೂಟ 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿಸಿದಾಗ ಉಪಗ್ರಹಗಳಿಗೆಂದೇ ಬರೆದ ನಿಯಮ ಒಂದೂ ಇರಲಿಲ್ಲ. ಮರುವರ್ಷವೇ ವಿಶ್ವಸಂಸ್ಥೆ ಒಂದು ತಾತ್ಕಾಲಿಕ ಸಮಿತಿ ರಚಿಸಿತು. 1959ರಲ್ಲಿ ಅದು ಕಾಯಂ ಆಯಿತು. ಬಾಹ್ಯಾಕಾಶದ ಶಾಂತಿಯುತ ಬಳಕೆಯ ಸಮಿತಿ ಎಂಬುದು ಅದರ ಹೆಸರು; ಬಳಕೆಯಲ್ಲಿ ‘ಕೋಪುವೋಸ್’. ಆರಂಭದಲ್ಲಿ ಇದ್ದವು 24 ದೇಶಗಳು. ಈಗ ನೂರಕ್ಕೂ ಹೆಚ್ಚು. ಸಮಿತಿಯ ಕೆಳಗೆ ವಿಜ್ಞಾನ-ತಂತ್ರಜ್ಞಾನ ಮತ್ತು ಕಾನೂನು ಎಂಬ ಎರಡು ಉಪಸಮಿತಿಗಳಿವೆ. ಸಭೆಗಳು ಆಸ್ಟ್ರಿಯಾದ ವಿಯೆನ್ನಾದಲ್ಲಿ ನಡೆಯುತ್ತವೆ. ವಿಶ್ವಸಂಸ್ಥೆಯ ಬಾಹ್ಯಾಕಾಶ ವ್ಯವಹಾರಗಳ ಕಚೇರಿ ಇರುವುದೂ ಅಲ್ಲೇ. ಈ ಕಚೇರಿ ಸಮಿತಿಯ ಕಾರ್ಯಾಲಯವಾಗಿ ಕೆಲಸ ಮಾಡುವುದರ ಜೊತೆಗೆ, ಕಕ್ಷೆ ಸೇರಿದ ವಸ್ತುಗಳ ನೋಂದಣಿ ಪುಸ್ತಕವನ್ನೂ ಕಾಯುತ್ತದೆ.

ಇಲ್ಲಿ ಮತಕ್ಕೆ ಹಾಕುವ ಪದ್ಧತಿಯಿಲ್ಲ. ಎಲ್ಲರೂ ಒಪ್ಪಿದರಷ್ಟೇ ನಿರ್ಣಯ. ಹಾಗಾಗಿ ಮಾತುಕತೆ ವರ್ಷಗಟ್ಟಲೆ ಎಳೆಯುತ್ತದೆ. ಒಪ್ಪಿದ ಮೇಲೆ ಮಾತ್ರ ಆ ಮಾತಿಗೆ ದೊಡ್ಡ ದೇಶ, ಸಣ್ಣ ದೇಶ ಎರಡರ ಮುದ್ರೆಯೂ ಇರುತ್ತದೆ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿ, ಇಸ್ರೊ ಅಧ್ಯಕ್ಷರಾಗಿದ್ದ ವಿಜ್ಞಾನಿ ಯು.ಆರ್. ರಾವ್ 1997ರಿಂದ 2000ದವರೆಗೆ ಈ ಸಮಿತಿಯ ಅಧ್ಯಕ್ಷರಾಗಿದ್ದರು. 1999ರಲ್ಲಿ ವಿಯೆನ್ನಾದಲ್ಲಿ ನಡೆದ ವಿಶ್ವಸಂಸ್ಥೆಯ ಮೂರನೇ ಬಾಹ್ಯಾಕಾಶ ಮಹಾಸಮ್ಮೇಳನವನ್ನು ನಡೆಸಿಕೊಟ್ಟವರೂ ಅವರೇ.

ಐದು ಒಪ್ಪಂದಗಳು

ಈ ಸಮಿತಿಯಲ್ಲಿ ರೂಪುಗೊಂಡ ಐದು ಒಪ್ಪಂದಗಳು ಬಾಹ್ಯಾಕಾಶ ಕಾನೂನಿನ ಅಡಿಗಲ್ಲು. ಮೊದಲನೆಯದು 1967ರ ಬಾಹ್ಯಾಕಾಶ ಒಪ್ಪಂದ. ಬಾಹ್ಯಾಕಾಶವನ್ನು ಬಳಸುವ, ಶೋಧಿಸುವ ಹಕ್ಕು ಎಲ್ಲ ದೇಶಗಳಿಗೂ ಉಂಟು ಎನ್ನುತ್ತದೆ ಅದು. ಚಂದ್ರನನ್ನಾಗಲಿ ಬೇರೆ ಯಾವುದೇ ಆಕಾಶಕಾಯವನ್ನಾಗಲಿ ಯಾವ ದೇಶವೂ ತನ್ನದೆನ್ನುವಂತಿಲ್ಲ. ಅಣ್ವಸ್ತ್ರಗಳನ್ನು, ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಕಕ್ಷೆಯಲ್ಲಿ ಇಡುವಂತಿಲ್ಲ.

ಅದರ ಆರನೇ ವಿಧಿ ಇಂದಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಬಾಹ್ಯಾಕಾಶ ಸರ್ಕಾರಗಳಿಗೆ ಮಾತ್ರ ಮೀಸಲಾಗಬೇಕೆಂದು ಸೋವಿಯತ್ ಒಕ್ಕೂಟ ವಾದಿಸಿತ್ತು. ಖಾಸಗಿಯವರಿಗೂ ಬಾಗಿಲು ತೆರೆದಿರಬೇಕೆಂಬುದು ಅಮೆರಿಕದ ಪಟ್ಟಾಗಿತ್ತು. ಕೊನೆಗೆ ಎರಡೂ ಕಡೆಯವರು ಒಂದು ನಡುದಾರಿಗೆ ಬಂದರು: ಖಾಸಗಿಯವರು ಹೋಗಬಹುದು, ಆದರೆ ಅವರ ಸರ್ಕಾರ ಅನುಮತಿ ಕೊಡಬೇಕು, ಮುಂದೆಯೂ ಕಣ್ಣಿಡಬೇಕು, ಅವರ ಕೆಲಸಕ್ಕೆ ತಾನೇ ಹೊಣೆ ಹೊರಬೇಕು. ಜಗತ್ತಿನ ಎಲ್ಲ ಬಾಹ್ಯಾಕಾಶ ಪರವಾನಗಿಗಳ ಬೇರು ಇರುವುದು ಈ ಒಂದು ವಿಧಿಯಲ್ಲಿ.

1968ರ ರಕ್ಷಣಾ ಒಪ್ಪಂದದ ಪ್ರಕಾರ ಬೇರೆ ದೇಶದ ನೆಲದಲ್ಲಿ ಇಳಿದ ಗಗನಯಾನಿಗಳಿಗೆ ನೆರವು ಸಿಗಬೇಕು. ಬಿದ್ದ ವಸ್ತುಗಳನ್ನು, ಕೇಳಿದರೆ, ಹಿಂದಿರುಗಿಸಬೇಕು. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜೂರಿಯನ್ ಬೇ ಬಳಿಯ ಕಡಲತೀರಕ್ಕೆ ಭಾರಿ ಲೋಹದ ಉರುಳೆಯೊಂದು ಬಂದು ಬಿದ್ದಿತ್ತು. ಅದು ಪಿಎಸ್‌ಎಲ್‌ವಿ ರಾಕೆಟ್ಟಿನ ಮೂರನೇ ಹಂತದ ಭಾಗವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಆಸ್ಟ್ರೇಲಿಯಾದ ಬಾಹ್ಯಾಕಾಶ ಸಂಸ್ಥೆ ಹೇಳಿತು. ಅನಂತರದ ಮಾತುಕತೆಗೆ ಆಧಾರವಾದದ್ದು ವಿಶ್ವಸಂಸ್ಥೆಯ ಈ ಒಪ್ಪಂದಗಳೇ.

1972ರ ಹೊಣೆಗಾರಿಕೆ ಒಪ್ಪಂದ ಪರಿಹಾರದ ಲೆಕ್ಕ ಹೇಳುತ್ತದೆ. ನೆಲದ ಮೇಲೆ ಅಥವಾ ಹಾರುತ್ತಿರುವ ವಿಮಾನಕ್ಕೆ ಹಾನಿಯಾದರೆ ತಪ್ಪು ಯಾರದ್ದೆಂಬ ಪ್ರಶ್ನೆಯೇ ಬರುವುದಿಲ್ಲ. ಉಡಾಯಿಸಿದ ದೇಶ ಪರಿಹಾರ ಕೊಡಲೇಬೇಕು. ಕಕ್ಷೆಯಲ್ಲಿ ಡಿಕ್ಕಿಯಾದರೆ ಮಾತ್ರ ತಪ್ಪನ್ನು ಸಾಬೀತುಪಡಿಸಬೇಕು. 1978ರ ಜನವರಿಯಲ್ಲಿ ಪರಮಾಣು ರಿಯಾಕ್ಟರ್ ಹೊತ್ತಿದ್ದ ಸೋವಿಯತ್ ಉಪಗ್ರಹ ಕಾಸ್ಮೋಸ್ 954 ಕೆನಡಾದ ಉತ್ತರದ ಹಿಮಪ್ರದೇಶದಲ್ಲಿ ಚೂರುಚೂರಾಗಿ ಬಿತ್ತು. ವಿಕಿರಣ ಸೂಸುವ ಆ ಚೂರುಗಳನ್ನು ಹುಡುಕಿ ತೆಗೆದ ಖರ್ಚೆಂದು ಕೆನಡಾ ಸುಮಾರು 60 ಲಕ್ಷ ಕೆನಡಿಯನ್ ಡಾಲರ್ ಕೇಳಿತು. 1981ರಲ್ಲಿ 30 ಲಕ್ಷಕ್ಕೆ ರಾಜಿಯಾಯಿತು.

‘ಉಡಾಯಿಸಿದ ದೇಶ’ ಎಂಬುದರ ಅರ್ಥ ಇಲ್ಲಿ ವಿಶಾಲ. ಉಪಗ್ರಹ ಹಾರಿಸಿದ ದೇಶ, ಹಾರಿಸಿಕೊಂಡ ದೇಶ, ಯಾರ ನೆಲದಿಂದ ಹಾರಿತೋ ಆ ದೇಶ, ಎಲ್ಲವೂ ಅದರೊಳಗೆ ಬರುತ್ತವೆ. ಶ್ರೀಹರಿಕೋಟಾದಿಂದ ಈವರೆಗೆ 430ಕ್ಕೂ ಹೆಚ್ಚು ವಿದೇಶಿ ಉಪಗ್ರಹಗಳು ಹಾರಿವೆ. ಅವುಗಳ ಹೊಣೆಯಲ್ಲಿ ಭಾರತಕ್ಕೂ ಪಾಲಿದೆ.

1975ರ ನೋಂದಣಿ ಒಪ್ಪಂದದಂತೆ ಪ್ರತಿ ದೇಶವೂ ತಾನು ಹಾರಿಸಿದ್ದರ ವಿವರವನ್ನು ವಿಶ್ವಸಂಸ್ಥೆಗೆ ಕೊಡಬೇಕು. ಐದನೆಯದಾದ 1979ರ ಚಂದ್ರ ಒಪ್ಪಂದ ಮಾತ್ರ ನೆಲೆ ಕಾಣಲಿಲ್ಲ. ಚಂದ್ರನ ಸಂಪತ್ತು ಮನುಕುಲದ ಸಾಮಾನ್ಯ ಆಸ್ತಿ ಎಂಬ ಅದರ ಮಾತನ್ನು ಅಮೆರಿಕ, ರಷ್ಯಾ, ಚೀನಾ ಒಪ್ಪಲಿಲ್ಲ. ಭಾರತ ಸಹಿ ಹಾಕಿದೆ, ಅನುಮೋದಿಸಿಲ್ಲ. ಆ ಖಾಲಿ ಜಾಗದಲ್ಲಿ ಅಮೆರಿಕದ ಮುಂದಾಳತ್ವದ ಆರ್ಟೆಮಿಸ್ ಒಡಂಬಡಿಕೆ 2020ರಲ್ಲಿ ಹುಟ್ಟಿಕೊಂಡಿತು. 2023ರ ಜೂನ್‌ನಲ್ಲಿ ಭಾರತ ಅದಕ್ಕೆ ಸೇರಿತು. ಇದು ಚಂದ್ರನ ಮೇಲೆ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ ದೇಶಗಳು ಕೊಟ್ಟುಕೊಂಡ ಮಾತೇ ಹೊರತು, ಕಾನೂನಿನ ಬಲವಿರುವ ಒಪ್ಪಂದವಲ್ಲ.

ತರಂಗಾಂತರದ ಹಂಚಿಕೆ

ರೇಡಿಯೊ ಇಲ್ಲದ ಉಪಗ್ರಹ ಬರೀ ಕಬ್ಬಿಣ. ಆದ್ದರಿಂದ ಕಕ್ಷೆಯಲ್ಲಿ ದಿನನಿತ್ಯ ಹೆಚ್ಚು ಹಿಡಿತ ಇರುವುದು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಕ್ಕೆ. ತಂತಿ ಸಂದೇಶಗಳ ಕಾಲದಲ್ಲಿ, 1865ರಲ್ಲಿ, ಹುಟ್ಟಿದ ಈ ಸಂಸ್ಥೆ 1963ರ ಸಮ್ಮೇಳನದಲ್ಲಿ ಬಾಹ್ಯಾಕಾಶ ಸೇವೆಗಳಿಗೆ ತರಂಗಾಂತರಗಳನ್ನು ಮೀಸಲಿಟ್ಟಿತು. ಮೂರು-ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ವಿಶ್ವ ರೇಡಿಯೊ ಸಮ್ಮೇಳನ ಅದರ ನಿಯಮಗಳನ್ನು ತಿದ್ದುತ್ತದೆ.

ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಜಾಗ ಇರುವುದೇ ಸೀಮಿತ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ಇಸ್ರೊ ನೋಡಿಕೊಳ್ಳುವ ಸಂವಹನ ಉಪಗ್ರಹಗಳು ಇರುವುದು ಇದೇ ಕಕ್ಷೆಯಲ್ಲಿ. ಯಾವ ರೇಖಾಂಶದಲ್ಲಿ, ಯಾವ ತರಂಗಾಂತರದಲ್ಲಿ ಉಪಗ್ರಹ ಕೆಲಸ ಮಾಡುತ್ತದೆಂದು ದೇಶವೊಂದು ಮೊದಲೇ ಒಕ್ಕೂಟಕ್ಕೆ ತಿಳಿಸಿ, ಅಕ್ಕಪಕ್ಕದವರೊಂದಿಗೆ ಹೊಂದಾಣಿಕೆ ಮಾಡಿಕೊಳ್ಳಬೇಕು. ಏಳು ವರ್ಷಗಳೊಳಗೆ ಬಳಕೆಗೆ ತರದಿದ್ದರೆ ಹಕ್ಕು ಕೈತಪ್ಪುತ್ತದೆ. ಮೊದಲು ಬಂದವರಿಗೆ ಮೊದಲ ಜಾಗ ಎಂಬ ಈ ಪದ್ಧತಿಯಲ್ಲಿ ಬಡ ದೇಶಗಳಿಗೆ ಅನ್ಯಾಯವಾಗದಿರಲೆಂದು ಕೆಲವು ತರಂಗಾಂತರಗಳಲ್ಲಿ ಪ್ರತಿ ದೇಶಕ್ಕೂ ಒಂದು ಪಾಲನ್ನು ಎತ್ತಿಡಲಾಗಿದೆ.

ಸಾವಿರಾರು ಉಪಗ್ರಹಗಳ ಸಮೂಹಗಳು ಬಂದಮೇಲೆ 2019ರ ಸಮ್ಮೇಳನ ಹೊಸ ಗಡುವುಗಳನ್ನು ಹಾಕಿತು. ಏಳು ವರ್ಷಗಳ ಅವಧಿ ಮುಗಿದ ಮೇಲೆ ಎರಡು ವರ್ಷಗಳಲ್ಲಿ ಶೇ 10, ಐದು ವರ್ಷಗಳಲ್ಲಿ ಶೇ 50, ಏಳು ವರ್ಷಗಳಲ್ಲಿ ಅಷ್ಟೂ ಉಪಗ್ರಹಗಳು ಕಕ್ಷೆಯಲ್ಲಿರಬೇಕು. ಕಾಗದದ ಮೇಲೆ ಉಪಗ್ರಹ ತೋರಿಸಿ ಜಾಗ ಹಿಡಿದಿಡುವುದನ್ನು ತಡೆಯುವುದು ಇದರ ಉದ್ದೇಶ.

ಕಸಕ್ಕೆ ಕಡಿವಾಣ

2007ರಲ್ಲಿ ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆಯಿತು. ಪತ್ತೆಹಚ್ಚಬಹುದಾದ ಚೂರುಗಳೇ ಮೂರು ಸಾವಿರ ದಾಟಿದವು. 2009ರಲ್ಲಿ ಅಮೆರಿಕದ ಇರಿಡಿಯಂ ಉಪಗ್ರಹಕ್ಕೂ ಕೆಲಸ ನಿಲ್ಲಿಸಿದ್ದ ರಷ್ಯಾದ ಉಪಗ್ರಹಕ್ಕೂ ಡಿಕ್ಕಿಯಾಯಿತು. ಆದರೆ ಕಸವನ್ನು ಹೆಸರಿಟ್ಟು ನಿಷೇಧಿಸುವ ಒಪ್ಪಂದ ಇಂದಿಗೂ ಇಲ್ಲ. ಉಪಗ್ರಹ ಒಡೆಯುವ ಪರೀಕ್ಷೆಗೂ ಅಷ್ಟೆ. ಅಮೆರಿಕ, ರಷ್ಯಾ, ಚೀನಾ ಮತ್ತು 2019ರಲ್ಲಿ ಭಾರತ ಇಂಥ ಪರೀಕ್ಷೆ ನಡೆಸಿವೆ.

ಇರುವುದು ಮಾರ್ಗಸೂಚಿಗಳು. ಬಾಹ್ಯಾಕಾಶ ಸಂಸ್ಥೆಗಳೇ 1993ರಲ್ಲಿ ಕಟ್ಟಿಕೊಂಡ ಅಂತರ-ಸಂಸ್ಥೆ ತ್ಯಾಜ್ಯ ಸಮನ್ವಯ ಸಮಿತಿ 2002ರಲ್ಲಿ ಮೊದಲ ಮಾರ್ಗಸೂಚಿ ಕೊಟ್ಟಿತು. ಕೆಳಕಕ್ಷೆಯ ಉಪಗ್ರಹ ಕೆಲಸ ಮುಗಿದ 25 ವರ್ಷಗಳೊಳಗೆ ಕೆಳಗಿಳಿಯಬೇಕು ಎಂಬುದು ಅದರಲ್ಲೇ ಬಂದದ್ದು. ವಿಶ್ವಸಂಸ್ಥೆ 2007ರಲ್ಲಿ ತನ್ನ ತ್ಯಾಜ್ಯ ಮಾರ್ಗಸೂಚಿಗಳನ್ನೂ, 2019ರಲ್ಲಿ ದೀರ್ಘಕಾಲದ ಸುಸ್ಥಿರತೆಯ 21 ಸೂತ್ರಗಳನ್ನೂ ಒಪ್ಪಿತು. ಇಸ್ರೊ 1996ರಿಂದ ಸಮನ್ವಯ ಸಮಿತಿಯ ಸದಸ್ಯ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಅದರ ವಾರ್ಷಿಕ ಸಭೆ ನಡೆಯಿತು. 2030ರ ಹೊತ್ತಿಗೆ ಭಾರತದ ಎಲ್ಲ ಯೋಜನೆಗಳೂ, ಖಾಸಗಿಯವು ಸೇರಿದಂತೆ, ಕಸ ಉಳಿಸದಂತಿರಬೇಕೆಂಬ ಗುರಿಯನ್ನು ಇಸ್ರೊ ಅಲ್ಲಿ ಪ್ರಕಟಿಸಿತು. ಡಿಕ್ಕಿಯ ಅಪಾಯವನ್ನು ಲೆಕ್ಕಹಾಕುವ ಕೇಂದ್ರವೊಂದು 2022ರಿಂದ ಬೆಂಗಳೂರಿನಲ್ಲಿದೆ. 2023ರ ಜುಲೈ 30ರಂದು ಪಿಎಸ್‌ಎಲ್‌ವಿ ಸಿ56 ರಾಕೆಟ್ ಒಂದು ನಿಮಿಷ ತಡವಾಗಿ ಹಾರಿದ್ದು ದಾರಿಯಲ್ಲಿ ಕಸದ ಚೂರು ಎದುರಾಗುವ ಸಾಧ್ಯತೆ ಇದ್ದುದರಿಂದ.

ದೇಶಗಳ ಪರವಾನಗಿ

ಮಾರ್ಗಸೂಚಿಗೆ ಹಲ್ಲು ಮೂಡುವುದು ದೇಶಗಳ ಕಾನೂನಿನಲ್ಲಿ. ಅಮೆರಿಕದಲ್ಲಿ ಈ ಅಧಿಕಾರ ಮೂರು ಕಡೆ ಹಂಚಿಹೋಗಿದೆ. ರಾಕೆಟ್ ಹಾರಿಸಲು ಮತ್ತು ಮರಳಿ ಇಳಿಸಲು ಫೆಡರಲ್ ವಿಮಾನಯಾನ ಆಡಳಿತ, ತರಂಗಾಂತರಕ್ಕೆ ಫೆಡರಲ್ ಸಂವಹನ ಆಯೋಗ, ಭೂಮಿಯ ಚಿತ್ರ ತೆಗೆಯಲು ಸಾಗರ ಮತ್ತು ವಾಯುಮಂಡಲ ಆಡಳಿತ ಪರವಾನಗಿ ಕೊಡುತ್ತವೆ. ನಾಸಾ ಸಂಶೋಧನೆಯ ಸಂಸ್ಥೆ. ಪರವಾನಗಿ ಅದರ ಕೆಲಸವಲ್ಲ.

2018ರ ಜನವರಿ 12ರಂದು ಪಿಎಸ್‌ಎಲ್‌ವಿ ಸಿ40ರಲ್ಲಿ ಸ್ವಾರ್ಮ್ ಟೆಕ್ನಾಲಜೀಸ್ ಎಂಬ ಅಮೆರಿಕನ್ ಕಂಪನಿಯ ನಾಲ್ಕು ಪುಟಾಣಿ ಉಪಗ್ರಹಗಳು ಕಕ್ಷೆ ಸೇರಿದವು. ಇಷ್ಟು ಚಿಕ್ಕವನ್ನು ರಾಡಾರ್‌ನಲ್ಲಿ ಹಿಂಬಾಲಿಸುವುದು ಕಷ್ಟವೆಂದು ಸಂವಹನ ಆಯೋಗ ಅವಕ್ಕೆ ಮೊದಲೇ ಅನುಮತಿ ನಿರಾಕರಿಸಿತ್ತು. ವರ್ಷಾಂತ್ಯಕ್ಕೆ ಕಂಪನಿ 9 ಲಕ್ಷ ಡಾಲರ್ ದಂಡ ತೆತ್ತಿತು. ಬೇರೆ ದೇಶದ ರಾಕೆಟ್ ಹತ್ತಿದರೂ ತಾಯ್ನೆಲದ ಕಾನೂನು ಬೆನ್ನು ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಅದೇ ಆಯೋಗ 2022ರಲ್ಲಿ 25 ವರ್ಷಗಳ ಮಿತಿಯನ್ನು ಐದಕ್ಕೆ ಇಳಿಸಿತು. ಹಳೆಯ ಉಪಗ್ರಹವೊಂದನ್ನು ಹೇಳಿದಷ್ಟು ಎತ್ತರಕ್ಕೆ ಒಯ್ಯದೆ ಬಿಟ್ಟ ಡಿಶ್ ಕಂಪನಿಗೆ 2023ರಲ್ಲಿ ಒಂದೂವರೆ ಲಕ್ಷ ಡಾಲರ್ ದಂಡ ಹಾಕಿತು. ಬಾಹ್ಯಾಕಾಶದ ಕಸಕ್ಕೆ ಆಯೋಗ ವಿಧಿಸಿದ ಮೊದಲ ದಂಡ ಅದು.

ಭಾರತದ ವ್ಯವಸ್ಥೆ

ಭಾರತದಲ್ಲಿ ನೀತಿ ರೂಪಿಸಲು ಬಾಹ್ಯಾಕಾಶ ಆಯೋಗ, ಜಾರಿಗೆ ಬಾಹ್ಯಾಕಾಶ ಇಲಾಖೆ, ಎರಡೂ 1972ರಲ್ಲಿ ಹುಟ್ಟಿದವು. ಇಲಾಖೆ ಇರುವುದು ಬೆಂಗಳೂರಿನ ಅಂತರಿಕ್ಷ ಭವನದಲ್ಲಿ. ನೇರವಾಗಿ ಪ್ರಧಾನಿಯವರ ಉಸ್ತುವಾರಿಯಲ್ಲಿ. ಹಲವು ದಶಕ ಇಸ್ರೊ ಒಂದೇ ಎಲ್ಲವನ್ನೂ ಮಾಡುತ್ತಿದ್ದುದರಿಂದ ಪ್ರತ್ಯೇಕ ನಿಯಂತ್ರಕರ ಅಗತ್ಯ ಕಾಣಲಿಲ್ಲ. ಖಾಸಗಿಯವರಿಗೆ ಬಾಗಿಲು ತೆರೆಯಲು ನಿರ್ಧರಿಸಿದಾಗ, 2020ರ ಜೂನ್‌ನಲ್ಲಿ, ಕೇಂದ್ರ ಸಂಪುಟ ಇನ್‌-ಸ್ಪೇಸ್ ಸಂಸ್ಥೆಗೆ ಒಪ್ಪಿಗೆ ಕೊಟ್ಟಿತು. ಅದರ ಕೇಂದ್ರ ಕಚೇರಿ ಅಹಮದಾಬಾದಿನ ಬೋಪಲ್‌ನಲ್ಲಿದೆ.

2023ರ ಭಾರತೀಯ ಬಾಹ್ಯಾಕಾಶ ನೀತಿ ಕೆಲಸಗಳನ್ನು ಬೇರ್ಪಡಿಸಿತು. ಸಂಶೋಧನೆ ಇಸ್ರೊಗೆ, ವಾಣಿಜ್ಯ ವಹಿವಾಟು ಬೆಂಗಳೂರಿನ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್‌ಗೆ, ಅನುಮತಿ ಇನ್‌-ಸ್ಪೇಸ್‌ಗೆ. 2022ರ ನವೆಂಬರ್ 18ರಂದು ಹಾರಿದ ಸ್ಕೈರೂಟ್‌ನ ವಿಕ್ರಮ್-ಎಸ್, ದೇಶದ ಮೊದಲ ಖಾಸಗಿ ರಾಕೆಟ್, ಇನ್‌-ಸ್ಪೇಸ್ ಅನುಮತಿ ಪಡೆದೇ ಮೇಲೇರಿತು. 2024ರ ಮೇ ತಿಂಗಳಲ್ಲಿ ಅರ್ಜಿ, ಶರತ್ತುಗಳ ವಿವರವಾದ ನಿಯಮಾವಳಿಯೂ ಹೊರಬಂತು. ತರಂಗಾಂತರ ಮಾತ್ರ ದೂರಸಂಪರ್ಕ ಇಲಾಖೆಯ ಕೈಯಲ್ಲಿದೆ. ಹಾಗಾಗಿ ಉಪಗ್ರಹ ಇಂಟರ್ನೆಟ್ ಕೊಡಲು ಬಯಸುವ ಕಂಪನಿ ಎರಡೂ ಬಾಗಿಲು ತಟ್ಟಬೇಕು. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಇಲಾಖೆಯ ಪರವಾನಗಿ, ಜುಲೈನಲ್ಲಿ ಇನ್‌-ಸ್ಪೇಸ್ ಅನುಮತಿ ದೊರೆತವು.

ಇಷ್ಟಾದರೂ ಒಂದು ಕೊಂಡಿ ಬೆಸೆಯುವುದು ಬಾಕಿ ಇದೆ. ಇನ್‌-ಸ್ಪೇಸ್ ನಿಂತಿರುವುದು ಸಂಪುಟದ ನಿರ್ಣಯ ಮತ್ತು ನೀತಿಯ ಮೇಲೆ. ಸಂಸತ್ತಿನ ಕಾಯ್ದೆಯ ಮೇಲಲ್ಲ. ಇಸ್ರೊ ಇರುವ ಬಾಹ್ಯಾಕಾಶ ಇಲಾಖೆಯ ಸೂರಿನಡಿಯಲ್ಲೇ ಅದೂ ಇದೆ. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡನ್ನು 2017ರಲ್ಲಿ ಜನರ ಮುಂದಿಡಲಾಗಿತ್ತು; ಅದು ಕಾಯ್ದೆಯಾಗಲಿಲ್ಲ. ಬ್ರಿಟನ್, ಫ್ರಾನ್ಸ್, ಜಪಾನ್ ಈಗಾಗಲೇ ಇಂಥ ಕಾಯ್ದೆ ಮಾಡಿಕೊಂಡಿವೆ. ಹೊಣೆಗಾರಿಕೆ ಒಪ್ಪಂದದಡಿ ಪರಿಹಾರ ಕೇಳುವ ಪತ್ರ ಹೇಗೂ ಭಾರತ ಸರ್ಕಾರದ ಹೆಸರಿಗೇ ಬರುತ್ತದೆ. ಆ ಹಣದಲ್ಲಿ ಕಂಪನಿಯ ಪಾಲೆಷ್ಟು, ಬೊಕ್ಕಸದ ಪಾಲೆಷ್ಟು, ತಪ್ಪಿಗೆ ಶಿಕ್ಷೆಯೇನು ಎಂಬುದನ್ನು ಅವಘಡಕ್ಕೆ ಮೊದಲೇ ಬರೆದಿಡುವ ಕೆಲಸ ಸಂಸತ್ತಿನದು.