ಒಂದೇ ಭಾಷೆ, ಬೇರೆ ಬೇರೆ ಉತ್ತರ

ಬಿಂಕದಕಟ್ಟಿ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಗದಗ ಸಮೀಪದ ಈ ಊರಿನ ಹೆಸರನ್ನು ಅಲ್ಲಿನ ಕಿರು ಮೃಗಾಲಯದಿಂದಾಗಿ ನೀವು ಕೇಳಿರಬಹುದು. ಬಿಂ, ಕ, ದ, ಕ, ಟ್ಟಿ ಎಂದು ಎಣಿಸಿದರೆ ಐದು. ಇದೇ ಪದದ ಉದ್ದವನ್ನು ಪೈಥಾನ್ ಭಾಷೆಯ 3ನೇ ಆವೃತ್ತಿಗೆ ಕೇಳಿದರೆ 10 ಎನ್ನುತ್ತದೆ. 2ನೇ ಆವೃತ್ತಿಯಲ್ಲಿ ಸಾಮಾನ್ಯ ಉದ್ಧರಣ ಚಿಹ್ನೆಗಳ ನಡುವೆ ಬರೆದು ಕೇಳಿದರೆ 30 ಎನ್ನುತ್ತದೆ!

ಎರಡೂ ಲೆಕ್ಕಗಳಿಗೆ ಕಾರಣವಿದೆ. ಯೂನಿಕೋಡ್‌ನಲ್ಲಿ ವ್ಯಂಜನ, ಗುಡಿಸು, ಸೊನ್ನೆ ಎಲ್ಲಕ್ಕೂ ಪ್ರತ್ಯೇಕ ಸಂಕೇತಗಳಿವೆ. ಬ, ಗುಡಿಸು, ಸೊನ್ನೆ, ಕ, ದ, ಕ, ಟ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ, ಮತ್ತೆ ಟ, ಗುಡಿಸು: ಹೀಗೆ ಒಟ್ಟು 10. ಯುಟಿಎಫ್-8 ಪದ್ಧತಿಯಲ್ಲಿ ಶೇಖರಿಸುವಾಗ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. 3ನೇ ಆವೃತ್ತಿ ಎಣಿಸುವುದು ಸಂಕೇತಗಳನ್ನು, 2ನೇ ಆವೃತ್ತಿ ಎಣಿಸುವುದು ಬೈಟ್‌ಗಳನ್ನು.

ಇದರಿಂದ ಆಗುವ ಹಾನಿಯೇನು? ಶಾಲೆಯ ದಾಖಲಾತಿ ಪಟ್ಟಿಯಲ್ಲಿ ಊರಿನ ಹೆಸರಿಗೆ 10 ಸ್ಥಾನ ಮಾತ್ರ ಇದೆ ಎಂದುಕೊಳ್ಳಿ. ಹೆಚ್ಚಾದುದನ್ನು ಕತ್ತರಿಸುವ ಪ್ರೋಗ್ರಾಮ್ 3ನೇ ಆವೃತ್ತಿಯಲ್ಲಿ ಬಿಂಕದಕಟ್ಟಿಯನ್ನು ಪೂರ್ತಿ ಉಳಿಸುತ್ತದೆ. 2ರಲ್ಲಿ ಉಳಿಯುವುದು ‘ಬಿಂ’ ಮತ್ತು ‘ಕ’ದ ಮೂರನೇ ಒಂದು ಭಾಗ, ಅಂದರೆ ಓದಲಾಗದ ಒಂದು ಚೂರು. ಅಂಕಗಳಿಗೂ ಇದೇ ಗತಿ. ಎರಡು ಕಿರುಪರೀಕ್ಷೆಗಳ ಒಟ್ಟು 37 ಅಂಕಗಳನ್ನು 2ರಿಂದ ಭಾಗಿಸಿದರೆ ಹೊಸ ಆವೃತ್ತಿ 18.5 ಎನ್ನುತ್ತದೆ, ಹಳೆಯದು ದಶಮಾಂಶವನ್ನು ಬಿಟ್ಟು 18 ಎನ್ನುತ್ತದೆ. ಎರಡು ಕಡೆಯೂ ಯಾವುದೇ ದೋಷ ಸೂಚನೆ ಬರುವುದಿಲ್ಲ. ನಿಂತುಹೋಗುವ ಪ್ರೋಗ್ರಾಮ್‌ಗಿಂತ ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಪ್ರೋಗ್ರಾಮ್ ಹೆಚ್ಚು ಅಪಾಯಕಾರಿ.

ಪೈಥಾನ್ 3.0 ಬಿಡುಗಡೆಯಾದದ್ದು 2008ರ ಡಿಸೆಂಬರ್‌ನಲ್ಲಿ. 2ನೇ ಆವೃತ್ತಿಗೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ನಡುವಿನ ಹನ್ನೊಂದು ವರ್ಷ ಎರಡೂ ಜೊತೆಯಾಗಿಯೇ ಬಳಕೆಯಲ್ಲಿದ್ದವು. ಹಳೆಯ ಉಬುಂಟುವಿನಲ್ಲಿ ‘ಪೈಥಾನ್’ ಎಂಬ ಆದೇಶ 2ನೇ ಆವೃತ್ತಿಯನ್ನು ಕರೆಯುತ್ತಿತ್ತು.

ಸ್ವಯಂಚಾಲಿತ ಅಳವಡಿಕೆ

ಪ್ರಯೋಗಾಲಯದಲ್ಲಿ 20 ಗಣಕಗಳಿದ್ದರೆ ಪ್ರತಿಯೊಂದರ ಮುಂದೆಯೂ ಕುಳಿತು ತಂತ್ರಾಂಶ ಹಾಕುವುದು ಬೇಸರದ ಕೆಲಸ. ಆದೇಶಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು ಎಲ್ಲ ಗಣಕಗಳಲ್ಲೂ ಓಡಿಸುವುದು ಜಾಣತನ. ಇಂತಹ ಕಡತವನ್ನು ಸ್ಕ್ರಿಪ್ಟ್ ಎನ್ನುತ್ತಾರೆ. ಆದರೆ ಸ್ಕ್ರಿಪ್ಟ್‌ನಲ್ಲಿರುವ ಒಂದು ತಪ್ಪು ಇಪ್ಪತ್ತಾಗುತ್ತದೆ. ಆದ್ದರಿಂದ ನಾಲ್ಕು ಎಚ್ಚರಿಕೆಗಳು ಬೇಕು.

1. ಭಾಷೆಯ ಆವೃತ್ತಿಯನ್ನೂ ಬರೆಯಿರಿ. ಪ್ಯಾಕೇಜುಗಳ ಪಟ್ಟಿಯನ್ನು ಬಹಳ ಮಂದಿ ಜೋಪಾನವಾಗಿ ಬರೆಯುತ್ತಾರೆ, ಭಾಷೆಯ ಆವೃತ್ತಿಯನ್ನು ಮರೆಯುತ್ತಾರೆ. ಪೈಥಾನ್ ಪ್ಯಾಕೇಜುಗಳನ್ನು ತರುವ ‘ಪಿಪ್’ ಎಂಬ ಸಾಧನ, ಗಣಕದಲ್ಲಿರುವ ಪೈಥಾನ್‌ಗೆ ಹೊಂದುವ ಪ್ಯಾಕೇಜನ್ನು ಆರಿಸುತ್ತದೆ. ಪಟ್ಟಿಯಲ್ಲಿ ಹೆಸರು ಮಾತ್ರ ಇದ್ದರೆ, ಪೈಥಾನ್ ಬೇರೆ ಬೇರೆಯಿರುವ ಎರಡು ಗಣಕಗಳಿಗೆ ಅದೇ ಪ್ಯಾಕೇಜಿನ ಬೇರೆ ಬೇರೆ ಆವೃತ್ತಿಗಳು ಬರಬಹುದು. ‘ಪೈಥಾನ್ 3’ ಎಂದರೂ ಸಾಲದು, ಎರಡನೆಯ ಅಂಕಿಯೂ ಬೇಕು. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಎಂಬ ಹಳೆಯ ಅಳವಡಿಕೆ ಭಾಗವನ್ನೇ ತೆಗೆದುಹಾಕಲಾಯಿತು. ಅದನ್ನು ನೆಚ್ಚಿದ್ದ ಹಲವು ಹಳೆಯ ಪ್ಯಾಕೇಜುಗಳು 3.11ರಲ್ಲಿ ನಡೆದು, 3.12ರಲ್ಲಿ ನಿಂತವು.

2. ಆವೃತ್ತಿ ಸಂಖ್ಯೆ ದಶಮಾಂಶವಲ್ಲ. ಗಣಿತದಲ್ಲಿ 3.9 ದೊಡ್ಡದು, 3.12 ಚಿಕ್ಕದು. ಆವೃತ್ತಿಗಳಲ್ಲಿ 3.9ರ ನಂತರ 3.10, 3.11, 3.12 ಬರುತ್ತವೆ. ಪುಸ್ತಕದ ಅಧ್ಯಾಯಗಳ ವಿಭಾಗಗಳಿಗೆ ಸಂಖ್ಯೆ ಕೊಡುವಂತೆಯೇ ಇದು. ಸ್ಕ್ರಿಪ್ಟ್‌ನಲ್ಲಿ ಹೋಲಿಸುವಾಗ ಚುಕ್ಕೆಯ ಎಡಬಲದ ಅಂಕಿಗಳನ್ನು ಬಿಡಿಸಿ ಹೋಲಿಸಬೇಕು.

3. ವ್ಯವಸ್ಥೆಯ ಪೈಥಾನನ್ನು ಮುಟ್ಟಬೇಡಿ. ಉಬುಂಟುವಿನ ಹಲವು ಸಾಧನಗಳೇ ಪೈಥಾನ್‌ನಲ್ಲಿ ರಚಿತವಾಗಿವೆ. ಅದನ್ನು ಬದಲಾಯಿಸಿದರೆ ಅವು ಕೆಡಬಹುದು. ಉಬುಂಟು 24.04ರಲ್ಲಿ ವ್ಯವಸ್ಥೆಯ ಪೈಥಾನ್‌ಗೆ ನೇರವಾಗಿ ಪ್ಯಾಕೇಜು ಹಾಕಲು ಹೋದರೆ ಪಿಪ್ ನಿರಾಕರಿಸುತ್ತದೆ. ಒತ್ತಾಯಿಸುವ ದಾರಿ ಇದೆ, ಹಿಡಿಯಬೇಡಿ. ಬದಲಿಗೆ ‘ವೆನ್ವ್’ ಎಂಬ ಸಾಧನದಿಂದ ಪ್ರತ್ಯೇಕ ಕೋಣೆಯಂತಹ ಒಂದು ಪರಿಸರವನ್ನು ರಚಿಸಿ, ಪ್ಯಾಕೇಜುಗಳನ್ನು ಅದರೊಳಗೆ ಹಾಕಿ. ವೆನ್ವ್ ಪ್ಯಾಕೇಜುಗಳನ್ನು ಮಾತ್ರ ಬೇರ್ಪಡಿಸುತ್ತದೆ, ಹೊಸ ಪೈಥಾನ್ ಕೊಡುವುದಿಲ್ಲ ಎಂಬುದು ನೆನಪಿರಲಿ. ಬೇರೆ ಆವೃತ್ತಿಯೇ ಬೇಕಿದ್ದರೆ ‘ಪೈಎನ್ವ್’ನಂತಹ ಸಾಧನದಿಂದ ಅದನ್ನು ಪಕ್ಕದಲ್ಲಿ ಅಳವಡಿಸಿ, ಆಮೇಲೆ ಅದರಿಂದ ಪರಿಸರ ರಚಿಸಿ.

4. ಕೊನೆಯಲ್ಲಿ ಪರೀಕ್ಷಿಸಿ. ‘ಅಳವಡಿಕೆ ಮುಗಿಯಿತು’ ಎಂಬ ಸಂದೇಶವನ್ನು ನಂಬಿ ಬಿಡಬೇಡಿ. ನಿಗದಿತ ಆವೃತ್ತಿಯೇ ಬಂದಿದೆಯೇ, ಪ್ಯಾಕೇಜುಗಳು ತೆರೆಯುತ್ತವೆಯೇ ಎಂದು ಸ್ಕ್ರಿಪ್ಟ್ ತಾನೇ ನೋಡಲಿ. ಉತ್ತರ ಗೊತ್ತಿರುವ ಒಂದೆರಡು ಲೆಕ್ಕಗಳನ್ನೂ ಮಾಡಲಿ. ಬಿಂಕದಕಟ್ಟಿಯ ಉದ್ದ 10, 37ರ ಅರ್ಧ 18.5 ಎಂದು ಬರದಿದ್ದರೆ ಅಲ್ಲಿಯೇ ನಿಂತು ದೋಷವನ್ನು ತಿಳಿಸಲಿ.

ನೀವು ಶಿಕ್ಷಕರಾಗಿದ್ದರೆ ಈ ಕೊನೆಯ ಹಂತವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ತಕ್ಕಡಿಯನ್ನು ಬಳಸುವ ಮುನ್ನ ಗೊತ್ತಿರುವ ತೂಕದ ಬಟ್ಟಿನಿಂದ ಪರೀಕ್ಷಿಸುವುದಿಲ್ಲವೇ? ಗಣಕಕ್ಕೂ ಅದೇ ನಿಯಮ.

ಮಾಡಿ ನೋಡಿ: ‘ಶಿರಹಟ್ಟಿ’ ಮತ್ತು ‘ಮುಂಡರಗಿ’ ಎಂಬ ಪದಗಳಲ್ಲಿ ಸಂಕೇತಗಳೆಷ್ಟು, ಬೈಟ್‌ಗಳೆಷ್ಟು? ಮೊದಲು ಕಾಗದದ ಮೇಲೆ ಬಿಡಿಸಿ ಎಣಿಸಿ, ಆಮೇಲೆ ಗಣಕವನ್ನು ಕೇಳಿ. (ಉತ್ತರ: 8 ಮತ್ತು 24, 7 ಮತ್ತು 21.)