ಅಂಗುಲದೆತ್ತರದ ಸೈನಿಕರು: ತಪ್ಪು ಕಲ್ಪನೆ ಮತ್ತು ವಾಸ್ತವ

ಬಣ್ಣ ಬಳಿದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಟೇಪು ಮತ್ತು ದಾಳ ಹಿಡಿದು ಹಳೆಯ ಕಾಳಗಗಳನ್ನು ಆಡುವ ಹವ್ಯಾಸವೇ ವಾರ್‌ಗೇಮಿಂಗ್. ಬ್ರಿಟನ್ನಿನಲ್ಲಿ ಅದು ಬೇರೂರಿ ನೂರು ವರ್ಷ ದಾಟಿದೆ. ನಮ್ಮಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಹಾಗಾಗಿ ಅದರ ಬಗ್ಗೆ ತಪ್ಪು ತಿಳಿವಳಿಕೆಗಳೇ ಹೆಚ್ಚು.

ತಪ್ಪು ಕಲ್ಪನೆ: ಇದು ಮಕ್ಕಳಾಟ.

ವಾಸ್ತವ: ಇದರ ಬೇರು ಪ್ರಷ್ಯಾದ ಸೇನೆಯಲ್ಲಿದೆ. 1824ರಲ್ಲಿ ರೈಸ್ವಿಟ್ಸ್ ಎಂಬ ಯುವ ಅಧಿಕಾರಿ ನಕ್ಷೆ ಮತ್ತು ದಾಳ ಬಳಸಿ ಆಡುವ 'ಕ್ರೀಗ್‌ಸ್ಪೀಲ್' ನಿಯಮಗಳನ್ನು ಹೊರತಂದ. ಅದು ಅಲ್ಲಿನ ಅಧಿಕಾರಿಗಳ ತರಬೇತಿಯ ಭಾಗವಾಯಿತು. ಎರಡನೇ ಮಹಾಯುದ್ಧದ ನಡುವೆ, 1942ರಿಂದ, ಲಿವರ್‌ಪೂಲಿನ ಒಂದು ಕೊಠಡಿಯ ನೆಲದ ಮೇಲೆ ಬ್ರಿಟಿಷ್ ನೌಕಾದಳದವರು ಸೀಮೆಸುಣ್ಣದಲ್ಲಿ ಹಡಗುಗಳ ಜಾಡು ಗುರುತಿಸಿ ಆಡುತ್ತಿದ್ದರು. ಜರ್ಮನ್ ಜಲಾಂತರ್ಗಾಮಿಗಳನ್ನು ಎದುರಿಸುವ ಹಲವು ತಂತ್ರಗಳು ಆ ಆಟದಿಂದಲೇ ಹೊರಬಂದವು. ಅದನ್ನು ನಡೆಸಿಕೊಟ್ಟವರಲ್ಲಿ ಬಹುಪಾಲು ನೌಕಾದಳದ ಯುವತಿಯರು. ಗಂಡಸರ ಆಟ ಎನ್ನುವವರಿಗೂ ಇದೇ ಉತ್ತರ.

ತಪ್ಪು ಕಲ್ಪನೆ: ಇದನ್ನು ಆಡುವವರು ಯುದ್ಧಪ್ರಿಯರು.

ವಾಸ್ತವ: ಆಟಿಕೆ ಸೈನಿಕರ ಆಟಕ್ಕೆ ನಿಯಮ ಬರೆದು ಜನಪ್ರಿಯಗೊಳಿಸಿದವರು ಕಾದಂಬರಿಕಾರ ಎಚ್.ಜಿ. ವೆಲ್ಸ್. ಅವರ 'ಲಿಟಲ್ ವಾರ್ಸ್' ಬಂದದ್ದು 1913ರಲ್ಲಿ. ನಿಜವಾದ ಯುದ್ಧ ಎಷ್ಟು ಎಡವಟ್ಟಿನ ಕೆಲಸ ಎಂಬುದು ಆಟಿಕೆ ಯುದ್ಧ ಆಡಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ ಎಂದು ಅವರು ಅದರ ಕೊನೆಯಲ್ಲಿ ವಾದಿಸಿದರು. ಮರುವರ್ಷವೇ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. 1962ರಲ್ಲಿ 'ವಾರ್ ಗೇಮ್ಸ್' ಬರೆದು ಈ ಹವ್ಯಾಸಕ್ಕೆ ಹೊಸ ಜೀವ ಕೊಟ್ಟ ಡೊನಾಲ್ಡ್ ಫೆದರ್‌ಸ್ಟೋನ್ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿದ್ದವರು. ಯುದ್ಧ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ತಪ್ಪು ಕಲ್ಪನೆ: ಚಿತ್ರಕಲೆ ಬಾರದವರಿಗೆ, ಕೈಯಲ್ಲಿ ದುಡ್ಡಿಲ್ಲದವರಿಗೆ ಇದು ಆಗದು.

ವಾಸ್ತವ: ವಾಟರ್ಲೂ ಕಾಲದ, 28 ಮಿಲಿಮೀಟರಿನ ಒಬ್ಬ ಬ್ರಿಟಿಷ್ ಸಿಪಾಯಿಯನ್ನು ತೆಗೆದುಕೊಳ್ಳಿ. ಅಚ್ಚಿನ ಗೆರೆಯನ್ನು ಚಾಕುವಿನಿಂದ ಕೆರೆದು, ಮೊದಲು ಬೂದು ಪ್ರೈಮರ್ ಹೊಡೆಯಬೇಕು. ಕೋಟಿಗೆ ಕೆಂಪು, ಪ್ಯಾಂಟಿಗೆ ಬೂದು, ಎದೆಯ ಮೇಲೆ ಅಡ್ಡಹಾಯುವ ಪಟ್ಟಿಗಳಿಗೆ ಬಿಳಿ. ಒಣಗಿದ ಮೇಲೆ ನೀರಾದ ಕಂದು ಬಣ್ಣವನ್ನು ಮೇಲೆ ಹರಿಸಿದರೆ ಅದು ಬಟ್ಟೆಯ ಮಡಿಕೆಗಳಿಗೆ ಇಳಿದು ತಾನೇ ನೆರಳಾಗುತ್ತದೆ. ಅನುಭವಿಗಳು ಒಬ್ಬೊಬ್ಬನನ್ನೇ ಮುಗಿಸುವುದಿಲ್ಲ. ಇಪ್ಪತ್ತು ಮಂದಿಯ ಕೋಟು ಮೊದಲು, ಆಮೇಲೆ ಇಪ್ಪತ್ತು ಪ್ಯಾಂಟು. ಕಣ್ಣಿನ ಪಾಪೆ ಬರೆಯದಿದ್ದರೂ ನಡೆಯುತ್ತದೆ, ಮೇಜಿನ ಆಚೆ ನಿಂತವರಿಗೆ ಅದು ಕಾಣುವುದೇ ಇಲ್ಲ. ಇಲ್ಲಿ ಬೇಕಾದ್ದು ತಾಳ್ಮೆ, ಪ್ರತಿಭೆಯಲ್ಲ. ಖರ್ಚಿನ ಮಾತೂ ಅಷ್ಟೇ. ಲೋಹದ ದೊಡ್ಡ ಸೈನ್ಯ ದುಬಾರಿ ನಿಜ, ಆದರೆ 1:72 ಅಳತೆಯ ಪ್ಲಾಸ್ಟಿಕ್ ಸೈನಿಕರಿದ್ದಾರೆ, 6 ಮಿಲಿಮೀಟರಿನವರೂ ಇದ್ದಾರೆ. 'ಡಿಬಿಎ' ನಿಯಮಗಳಲ್ಲಿ ಒಂದು ಸೈನ್ಯವೆಂದರೆ ಹನ್ನೆರಡೇ ತುಕಡಿ.

ತಪ್ಪು ಕಲ್ಪನೆ: ಎಲ್ಲವೂ ದಾಳದ ಮೇಲೆ, ಬುದ್ಧಿಗೆ ಕೆಲಸವಿಲ್ಲ.

ವಾಸ್ತವ: 'ಬ್ಲ್ಯಾಕ್ ಪೌಡರ್' ನಿಯಮಗಳಲ್ಲಿ ಆಟಗಾರ ತನ್ನ ಆಜ್ಞೆಯನ್ನು ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ಎರಡು ದಾಳ ಉರುಳಿಸಬೇಕು. ಮೊತ್ತವು ಸೇನಾನಿಯ ಅಂಕ ಮೀರಿದರೆ ತುಕಡಿ ಕದಲುವುದಿಲ್ಲ, ಅದಕ್ಕಿಂತ ಸಾಕಷ್ಟು ಕಡಿಮೆ ಬಿದ್ದರೆ ಒಂದೇ ಸರದಿಯಲ್ಲಿ ಎರಡು ಮೂರು ನಡೆ ಮುನ್ನುಗ್ಗುತ್ತದೆ. ಆಜ್ಞೆ ತಲುಪದಿರುವುದು, ತಡವಾಗಿ ತಲುಪುವುದು ನಿಜವಾದ ರಣರಂಗದ ನಿತ್ಯದ ಪಾಡು. ದಾಳ ತೋರಿಸುವುದು ಅದನ್ನೇ. ಆಜ್ಞೆ ತಪ್ಪಿದರೂ ಕುಸಿಯದ ಯೋಜನೆ ಹಾಕುವುದು ಆಟಗಾರನ ಜಾಣ್ಮೆ.

ತಪ್ಪು ಕಲ್ಪನೆ: ಗೆದ್ದವರು ಯಾರೆಂದು ಮೊದಲೇ ಗೊತ್ತು, ಆಡುವುದೇಕೆ?

ವಾಸ್ತವ: ನಮ್ಮದೇ ಚರಿತ್ರೆಯ ಪೊಳ್ಳಿಲೂರು ಕಾಳಗವನ್ನು ನೋಡಿ. 1780ರ ಸೆಪ್ಟೆಂಬರ್ 10ರಂದು ಹೈದರಾಲಿ ಮತ್ತು ಟಿಪ್ಪುವಿನ ಪಡೆಗಳು ಕರ್ನಲ್ ಬೈಲಿಯ ಕಂಪನಿ ಸೈನ್ಯವನ್ನು ನುಚ್ಚುನೂರು ಮಾಡಿದವು. ಅತ್ತ ಕಂಪನಿಯ ಇನ್ನೊಬ್ಬ ಸೇನಾನಿ ಹೆಕ್ಟರ್ ಮನ್ರೋ ಇನ್ನೂ ದೊಡ್ಡ ಸೈನ್ಯದೊಂದಿಗೆ ಹತ್ತಿರದ ಕಂಚಿಯಲ್ಲೇ ಇದ್ದ, ಸಮಯಕ್ಕೆ ಬಂದು ಸೇರಲಿಲ್ಲ. ಇತ್ತ ಬೈಲಿಯ ಮದ್ದಿನ ಗಾಡಿಗಳು ಕಾಳಗದ ನಡುವೆಯೇ ಸಿಡಿದವು. ಮನ್ರೋ ಇನ್ನೂ ಬೇಗ ಹೊರಟಿದ್ದರೆ? ಗಾಡಿಗಳು ಉಳಿದಿದ್ದರೆ? ಆಟ ಕಟ್ಟುವವರು ಆ ಪ್ರಶ್ನೆಗಳನ್ನೇ ನಿಯಮವಾಗಿಸುತ್ತಾರೆ: ಮನ್ರೋ ಯಾವ ಸರದಿಗೆ ಬರುತ್ತಾನೆ, ಗಾಡಿ ಯಾವ ಏಟಿಗೆ ಸಿಡಿಯುತ್ತದೆ ಎಂಬುದನ್ನು ದಾಳಕ್ಕೆ ಬಿಡುತ್ತಾರೆ. ಆಗ ಹೈದರಾಲಿಯ ಗೆಲುವು ಹಣೆಬರಹವಾಗಿ ಕಾಣುವುದಿಲ್ಲ. ಮನ್ರೋ ಬರುವ ಮೊದಲೇ ಬೈಲಿಯನ್ನು ಸುತ್ತುವರಿದು ಮುಗಿಸಿದ ಆ ಲೆಕ್ಕಾಚಾರದ ಬೆಲೆ ಏನೆಂದು ತಿಳಿಯುತ್ತದೆ. ಪಠ್ಯಪುಸ್ತಕದ ಎರಡು ಸಾಲು ಇದನ್ನು ಕಲಿಸಲಾರವು.

ಆ ಕಾಳಗದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿದೆ. ಕೆಂಪು ಕೋಟಿನ ಚೌಕವ್ಯೂಹ, ಅದರೊಳಗೆ ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಎಲ್ಲವೂ ಅದರಲ್ಲಿವೆ. ಮುಂದಿನ ಸಲ ಅಲ್ಲಿಗೆ ಹೋದಾಗ ಸೆಲ್ಫಿ ತೆಗೆದು ಹೊರಟುಬಿಡಬೇಡಿ. ಯಾವ ಪಡೆ ಎಲ್ಲಿ ನಿಂತಿದೆ ಎಂದು ಸಾವಕಾಶವಾಗಿ ನೋಡಿ, ಜೊತೆಗಿರುವ ಮಕ್ಕಳಿಗೂ ತೋರಿಸಿ.